ಸುತ್ತುಧ್ವನಿಯು ಕೇಳಿಸದೆ ಹೋದಾಗ ನೋಡತಕ್ಕ ಸಂಗತಿಗಳು

ಹಳೆಯ ವಿದ್ಯಾರ್ಥಿನಿಯರು ಕೂಡಿಸಿ ಕೊಟ್ಟ ದ್ರವ್ಯದಿಂದ ನಮ್ಮ ಶಾಲೆಯ ಸಭಾಂಗಣದಲ್ಲಿ ಇಡಲ್ಪಟ್ಟಿರುವ ಚಿತ್ರದರ್ಶನದ ಸಲಕರಣೆಗಳನ್ನು ಈ ಸಂಚಿಕೆಯ ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿರುವಿರಿ. ಗೋಡೆಯ ಮೇಲೆ ದೊಡ್ಡದೊಂದು ಟೀವಿ. ಅದರ ಕೆಳಗಿನ ಕಪಾಟಿನಲ್ಲಿ ಒಂದು ಸಣ್ಣ ಕಂಪ್ಯೂಟರು, ಒಂದು ರಿಸೀವರು. ಮುಂದುಗಡೆ ಮೂರು ಸ್ಪೀಕರುಗಳು, ಹಿಂದುಗಡೆ ಎರಡು, ಮೂಲೆಯಲ್ಲಿ ಮಂದ್ರಸ್ವರಕ್ಕೆಂದು ಒಂದು ಸಬ್‌ವೂಫರು. ಕಳೆದ ಬೇಸಿಗೆ ರಜೆಯ ತರುವಾಯ ಇವು ಕೆಟ್ಟುಹೋದವೆಂಬ ಸುದ್ದಿಯು ನಿಮ್ಮಲ್ಲಿ ಕೆಲವರಿಗೆ ಮುಟ್ಟಿ, ನೀವು ಕಳವಳದಿಂದ ವಿಚಾರಿಸಿದಿರಿ. ಅವು ಕೆಟ್ಟಿರಲಿಲ್ಲ. ಏನಾಗಿದ್ದಿತೆಂಬದನ್ನು ಹಣ ಕೊಟ್ಟವರಿಗೆ ತಿಳಿಸುವುದು ನನ್ನ ಕರ್ತವ್ಯವಷ್ಟೆ. ಅದಲ್ಲದೆ, ಇಂಥವೇ ಸಲಕರಣೆಗಳು ಈಗ ನಿಮ್ಮ ಮನೆಗಳಲ್ಲಿಯೂ ಇರುವುದರಿಂದ, ದೋಷವನ್ನು ಹುಡುಕುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆದರೆ ಪ್ರಯೋಜನವಾದೀತೆಂದು ಭಾವಿಸಿದ್ದೇನೆ.

ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಮೊದಲನೆಯ ಶನಿವಾರ ವಸತಿಗೃಹದ ಹುಡುಗಿಯರಿಗೆ ಒಂದು ಚಿತ್ರವನ್ನು ತೋರಿಸಿದೆವು. ಚಿತ್ರವು ಸರಿಯಾಗಿಯೇ ನಡೆಯಿತು. ಯಾರೂ ದೂರು ಹೇಳಲಿಲ್ಲ. ಆದರೆ ಒಂಬತ್ತನೆಯ ತರಗತಿಯಲ್ಲಿ ಬಹಳ ಮಂದದೃಷ್ಟಿಯ ಹುಡುಗಿಯೊಬ್ಬಳು ಇದ್ದಾಳೆ. ಅವಳಿಗೆ ಪರದೆಯ ಮೇಲಿನದು ಬಣ್ಣದ ನೆರಳುಗಳಷ್ಟೆ. ಚಿತ್ರವನ್ನು ಅವಳು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಮುಗಿದ ಮೇಲೆ ಅವಳು ನನ್ನ ಬಳಿಗೆ ಬಂದು, “ಅಮ್ಮಾ, ಹೋದ ವರುಷ ಮಳೆಯು ನನ್ನ ಬೆನ್ನ ಹಿಂದೆ ಸುರಿಯುತ್ತಿತ್ತು. ಈ ಸಾರಿ ಹಿಂದುಗಡೆ ಏನೂ ಇಲ್ಲ” ಎಂದಳು. ನಾನು ಎದ್ದು ಹೋಗಿ ಹಿಂದಿನ ಸ್ಪೀಕರಿಗೆ ಕಿವಿಗೊಟ್ಟೆನು. ಅದು ಮೂಕವಾಗಿದ್ದಿತು. ಮುಂದಿನ ಮೂರರಲ್ಲಿ ನಡುವಣದೂ ಹಾಗೆಯೇ. ಕಣ್ಣಿದ್ದ ನಾವು ನೂರಾರು ಮಂದಿಯಲ್ಲಿ ಒಬ್ಬರಾದರೂ ಇದನ್ನು ಗಮನಿಸಿರಲಿಲ್ಲ.

ರಿಪೇರಿಯವನೊಬ್ಬನನ್ನು ಕರೆಸಿದೆವು. ಅವನು ರಿಸೀವರಿನ ಒಂದು ಗುಂಡಿಯನ್ನೊತ್ತಲು ಐದು ಸ್ಪೀಕರುಗಳೂ ಏಕಕಾಲದಲ್ಲಿ ನುಡಿದವು. ನಾವೆಲ್ಲರೂ ಸಂತೋಷಪಟ್ಟು ಅವನಿಗೆ ಹಣ ಕೊಟ್ಟು ಕಳುಹಿಸಿದೆವು. ಮುಂದಿನ ಶನಿವಾರ ಅದೇ ಹುಡುಗಿಯು, “ಈಗ ಎಲ್ಲರೂ ಎಲ್ಲಾ ಕಡೆಗಳಿಂದಲೂ ಮಾತಾಡುತ್ತಾರೆ, ಯಾರು ಎಲ್ಲಿದ್ದಾರೆಂಬುದೇ ತಿಳಿಯುವುದಿಲ್ಲ” ಎಂದಳು. ಎರಡನೆಯ ರಿಪೇರಿಯವನು ಬಂದು, ರಿಸೀವರಿನ ಆಯುಷ್ಯವು ತೀರಿತು, ಹೊಸದನ್ನೇ ಕೊಳ್ಳತಕ್ಕದ್ದು ಎಂದು ತೀರ್ಪುಕೊಟ್ಟನು. ವಾಚನಾಲಯದ ಕಪಾಟುಗಳಿಗೆಂದು ಇಟ್ಟಿದ್ದ ಹಣವನ್ನು ಇದಕ್ಕೆ ತಿರುಗಿಸಬೇಕೆಂಬ ವಿಚಾರವು ಸಮಿತಿಯ ಮುಂದೆ ಬಂದಿತು. ಇಷ್ಟರಲ್ಲಿ ನಾನೂ ಒಂದು ತಪ್ಪು ಮಾಡಿದೆನು. ಕಂಪ್ಯೂಟರನ್ನು ನಡಿಸುತ್ತಿದ್ದ ಹತ್ತನೆಯ ತರಗತಿಯ ಹುಡುಗಿಯೇ ಏನನ್ನೋ ಒತ್ತಿ ಕೆಡಿಸಿರಬೇಕೆಂದು ಊಹಿಸಿ, ಕಪಾಟಿನ ಬೀಗದ ಕೈಯನ್ನು ಅವಳಿಂದ ತೆಗೆದುಕೊಂಡೆನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೆಂಬ ಗಾದೆಯನ್ನು ಎಷ್ಟೋ ವರುಷ ಪಾಠದಲ್ಲಿ ವಿವರಿಸಿದವಳು ನಾನು.

ಇನ್ನು ವಿಷಯಕ್ಕೆ ಬರೋಣ. ಐದು ಬಿಂದು ಒಂದು, ಅಂದರೆ ೫.೧, ಎಂಬ ಗುರುತನ್ನು ನೀವು ಡಬ್ಬಿಗಳ ಮೇಲೆ ಕಂಡಿರಬಹುದು. ಎಡ, ನಡು, ಬಲ, ಹಿಂದಣ ಎಡ, ಹಿಂದಣ ಬಲ ಎಂಬಿವು ಐದು ಪೂರ್ಣ ವಾಹಿನಿಗಳು. ಆರನೆಯದು ಗುಡುಗು, ಸ್ಫೋಟ ಮೊದಲಾದ ಅತಿ ಮಂದ್ರ ಶಬ್ದಗಳಿಗಾಗಿ ಮೀಸಲು. ಅದು ಸೆಕೆಂಡಿಗೆ ಸುಮಾರು ೧೨೦ ಕಂಪನಗಳವರೆಗೆ ಮಾತ್ರ ಒಯ್ಯುವುದರಿಂದ ಅದನ್ನು ಪೂರ್ತಿ ಒಂದೆಂದು ಎಣಿಸದೆ ಬಿಂದುವಿನಾಚೆ ಬರೆದರು. ಚಿತ್ರದಲ್ಲಿನ ಮಾತುಗಳಲ್ಲಿ ಹೆಚ್ಚಿನವು ನಡುವಣ ವಾಹಿನಿಯಲ್ಲಿ ಇರುತ್ತವೆ. ಇದನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುವುದು.

ಧ್ವನಿಗೆ ದಿಕ್ಕು ಕೊಡುವ ಯೋಚನೆಯು ಹೊಸದಲ್ಲ. ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಎಂಬ ಇಂಜಿನಿಯರನು ೧೯೩೧ರಲ್ಲಿಯೇ ಎರಡು ವಾಹಿನಿಗಳ ಧ್ವನಿಗಾಗಿ ಪೇಟೆಂಟಿಗೆ ಅರ್ಜಿ ಹಾಕಿದ್ದನು. ೧೯೪೦ರಲ್ಲಿ ಡಿಸ್ನಿಯವರ ‘ಫ್ಯಾಂಟೇಸಿಯಾ’ ಚಿತ್ರವು ನ್ಯೂಯಾರ್ಕಿನಲ್ಲಿ ಹಲವು ವಾಹಿನಿಗಳ ಧ್ವನಿಯೊಡನೆ ತೋರಿಸಲ್ಪಟ್ಟಿತು. ಈಗ ಮನೆಮನೆಗೂ ಬಂದಿರುವ ಡಾಲ್ಬಿ ಡಿಜಿಟಲ್ ಎಂಬುದು ೧೯೯೨ರಲ್ಲಿ ಒಂದು ಚಿತ್ರದೊಂದಿಗೆ, ಅದರ ಪ್ರತಿಸ್ಪರ್ಧಿಯಾದ ಡಿ.ಟಿ.ಎಸ್. ೧೯೯೩ರಲ್ಲಿ ‘ಜುರಾಸಿಕ್ ಪಾರ್ಕ್’ ಚಿತ್ರದೊಂದಿಗೆ ಸಿನೆಮಾ ಮಂದಿರಗಳಿಗೆ ಬಂದವು.

ಆರು ವಾಹಿನಿಗಳು ಕಂಪ್ಯೂಟರಿನಿಂದ ರಿಸೀವರಿಗೆ ಹೇಗೆ ಪ್ರಯಾಣ ಮಾಡುತ್ತವೆಂಬುದು ಈ ವಿಷಯದ ತಿರುಳು. ಇದನ್ನರಿತರೆ ತೊಡಕುಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಬಿಡುವುವು. ಧ್ವನಿಯನ್ನು ಕಳುಹಿಸುವುದಕ್ಕೆ ಎರಡು ರೀತಿಗಳಿವೆ. ಒಂದರಲ್ಲಿ ಕಂಪ್ಯೂಟರು ತಾನೇ ಲಕೋಟೆಯನ್ನು ಒಡೆದು, ಒಳಗಣ ಆರು ಕಾಗದಗಳನ್ನು ಬಿಡಿಸಿ, ಬಿಡಿಯಾಗಿಯೇ ರಿಸೀವರಿಗೆ ಕೊಡುವುದು, ಇದಕ್ಕೆ ಪಿ.ಸಿ.ಎಂ. ಎಂದು ಹೆಸರು. ಇನ್ನೊಂದರಲ್ಲಿ ಕಂಪ್ಯೂಟರು ಲಕೋಟೆಯ ಮುದ್ರೆಯನ್ನು ಮುಟ್ಟದೆ, ಬಂದುದನ್ನು ಬಂದ ಹಾಗೆಯೇ ದಾಟಿಸುವುದು. ಒಡೆದು ಓದುವ ಕೆಲಸವು ರಿಸೀವರಿನದು. ಇದಕ್ಕೆ ಬಿಟ್‌ಸ್ಟ್ರೀಮ್ ಎಂತಲೂ ಪಾಸ್‌ಥ್ರೂ ಎಂತಲೂ ಹೇಳುತ್ತಾರೆ. ಮುದ್ರೆಯ ಲಕೋಟೆಯ ಮೇಲೆ ಕಂಪ್ಯೂಟರಿಗೆ ಅಧಿಕಾರವಿಲ್ಲ. ಆದುದರಿಂದ ಆ ರೀತಿಯಲ್ಲಿ ಕಂಪ್ಯೂಟರಿನ ಧ್ವನಿಯನ್ನು ಏರಿಸಿಳಿಸುವ ಗುಂಡಿಯು ಕೆಲಸಮಾಡುವುದಿಲ್ಲ. ರಿಸೀವರಿನ ಗುಂಡಿಯನ್ನೇ ತಿರುಗಿಸತಕ್ಕದ್ದು. ಇದನ್ನು ದೋಷವೆಂದು ತಿಳಿದು ಬೆದರಿದವರನ್ನು ನಾನು ಬಲ್ಲೆನು.

ಪ್ರಯಾಣದ ದಾರಿಗಳೂ ಎರಡು. ಆಪ್ಟಿಕಲ್ ತಂತಿಯೆಂದರೆ ತುದಿಯಲ್ಲಿ ಕೆಂಪು ಬೆಳಕು ಮಿನುಗುವ ಸಪುರ ತಂತಿ. ಇದು ೧೯೮೩ರಲ್ಲಿ ತೋಷಿಬಾದವರಿಂದ ಬಂದುದು. ಈ ಬಾಗಿಲಲ್ಲಿ ಇಬ್ಬರು ಮಾತ್ರ ಒಟ್ಟಿಗೆ ನುಗ್ಗಬಹುದು. ಲೆಕ್ಕ ಮಾಡಿ ನೋಡಿರಿ: ಡಿ.ವಿ.ಡಿ.ಯ ಧ್ವನಿಯನ್ನು ಸೆಕೆಂಡಿಗೆ ೪೮,೦೦೦ ಸಾರಿ ಅಳೆದು, ಪ್ರತಿಯೊಂದು ಅಳತೆಯನ್ನು ೧೬ ಬಿಟ್ಟುಗಳಲ್ಲಿ ಬರೆದರೆ, ಎರಡು ವಾಹಿನಿಗಳಿಗೆ ಸೆಕೆಂಡಿಗೆ ೧೫,೩೬,೦೦೦ ಬಿಟ್ಟುಗಳಾಗುವುವು. ಆರು ವಾಹಿನಿಗಳಿಗೆ ೪೬,೦೮,೦೦೦. ಈ ಮೂರರಷ್ಟು ಹೊರೆಯು ಆ ಬಾಗಿಲಿನಲ್ಲಿ ಹಾಯದು. ಆದರೆ ಡಿ.ವಿ.ಡಿ.ಯಲ್ಲಿ ಡಾಲ್ಬಿ ಲಕೋಟೆಗೆ ಹೆಚ್ಚೆಂದರೆ ೪,೪೮,೦೦೦ ಬಿಟ್ಟುಗಳು ಸಾಕು, ಡಿ.ಟಿ.ಎಸ್. ಲಕೋಟೆಯು ತುಂಬಾ ದೊಡ್ಡದಾದಾಗಲೂ ಸುಮಾರು ೧೫,೦೯,೦೦೦ರಷ್ಟು. ಎಂದರೆ ಬಾಗಿಲ ಚೌಕಟ್ಟಿಗೆ ಹೆಗಲು ತಾಗುವಂತೆ ತೂರಿಹೋಗುವುದು. ಈ ಕಾರಣದಿಂದ ಆಪ್ಟಿಕಲ್ ತಂತಿಯಲ್ಲಿ ಮುದ್ರೆ ಹಾಕಿದ ೫.೧ ಬರುವುದು, ಬಿಡಿಸಿದ ೫.೧ ಎಂದಿಗೂ ಬಾರದು. ಕಂಪ್ಯೂಟರಿನ ಆಟಗಳ ಧ್ವನಿಯು ಸಾಮಾನ್ಯವಾಗಿ ಬಿಡಿಸಿದ ರೂಪದಲ್ಲಿ ಇರುವುದರಿಂದ, ಆ ತಂತಿಯಲ್ಲಿ ಎರಡಾಗಿಯೇ ಇಳಿಯುವುದು. ಅದನ್ನು ಆಗಿಂದಾಗಲೇ ಡಾಲ್ಬಿ ಲಕೋಟೆಗೆ ಹಾಕುವ ಸೌಕರ್ಯವುಳ್ಳ ಧ್ವನಿಕಾರ್ಡುಗಳು ಇವೆ. ಅಂಥವು ಇದ್ದವರ ಮಾತು ಬೇರೆ.

ಎಚ್.ಡಿ.ಎಂ.ಐ. ತಂತಿಯು ಹೆದ್ದಾರಿಯಿದ್ದಂತೆ. ಬಿಡಿಸಿದ ಎಂಟು ವಾಹಿನಿಗಳನ್ನು ಸಹ ಅದು ಸುಲಭವಾಗಿ ಒಯ್ಯುವುದು. ಚಿತ್ರವೂ ಅದರಲ್ಲಿಯೇ ಹೋಗುವುದು. ನಮ್ಮ ಸಂಕಟವು ಹುಟ್ಟಿದುದು ಈ ಕೊನೆಯ ಸೌಕರ್ಯದಿಂದಲೇ, ಹೇಗೆಂಬದನ್ನು ಹೇಳುತ್ತೇನೆ.

ದೋಷವನ್ನು ಹುಡುಕುವಾಗ ಮೊದಲಿನಿಂದ ಕೊನೆಯವರೆಗೆ ಒಂದೊಂದನ್ನೇ ಬಿಚ್ಚುತ್ತಾ ಹೋಗುವುದು ಹೆಚ್ಚಿನವರ ವಾಡಿಕೆ. ಭೌತಶಾಸ್ತ್ರವನ್ನು ಕಲಿಸಿದವಳಾದುದರಿಂದ ನನಗೆ ಸರಣಿಯನ್ನು ನಡುವಿನಲ್ಲಿ ಕತ್ತರಿಸುವುದೇ ಮೆಚ್ಚಿಗೆ. ಈ ಸರಣಿಯ ನಡು ಯಾವುದು? ರಿಸೀವರು. ಅದರಿಂದಾಚೆ ತಂತಿಗಳೂ ಸ್ಪೀಕರುಗಳೂ. ಈಚೆ ಟೀವಿ, ಕಂಪ್ಯೂಟರು, ಚಿತ್ರ. ಬಹುಮಟ್ಟಿಗೆ ಎಲ್ಲಾ ರಿಸೀವರುಗಳಲ್ಲಿಯೂ ಪರೀಕ್ಷಾಧ್ವನಿಯೊಂದು ಇರುವುದು. ಅದನ್ನು ಒತ್ತಿದರೆ ಕಂಪ್ಯೂಟರಿನ ಹಂಗಿಲ್ಲದೆ, ರಿಸೀವರು ತಾನೇ ಒಂದೊಂದು ಸ್ಪೀಕರಿಗೆ ಸುಯ್ಯೆಂಬ ಶಬ್ದವನ್ನು ಕಳುಹಿಸುವುದು. ಒಂದು ಶನಿವಾರ ಮಧ್ಯಾಹ್ನ ನಾನು ಒಬ್ಬಳೇ ಕೂತು ಇದನ್ನು ಮಾಡಿದೆನು. ಐದೂ ನುಡಿದವು, ಸಬ್‌ವೂಫರೂ ಗುನುಗಿತು. ಅಷ್ಟರಿಂದಲೇ ರಿಸೀವರಿನ ಆಯುಷ್ಯ ತೀರಿತೆಂಬ ತೀರ್ಪು ಸುಳ್ಳಾಯಿತು. ಐದು ನಿಮಿಷಗಳ ಕೆಲಸ. ಅದನ್ನು ಮಾಡದೆ ಸಮಿತಿಯವರು ಎರಡು ಸಾರಿ ಸಭೆ ಸೇರಿದ್ದೆವು.

ಎರಡನೆಯದಾಗಿ ರಿಸೀವರಿನ ಮುಖಫಲಕವನ್ನು ಓದತಕ್ಕದ್ದು. ತನಗೆ ಏನು ಬಂದು ಮುಟ್ಟುತ್ತಿದೆಯೆಂಬದನ್ನು ಅದು ಅಲ್ಲಿ ಬರೆಯುವುದು. ಕೆಲವದರಲ್ಲಿ ಇನ್ಫೋ ಎಂಬ ಗುಂಡಿಯನ್ನು ಒತ್ತಬೇಕಾಗುವುದು. ಡಾಲ್ಬಿ ಡಿಜಿಟಲ್, ಡಿ.ಟಿ.ಎಸ್., ಅಥವಾ ಬಹುವಾಹಿನಿ ಎಂದಿದ್ದರೆ ಸರಿ. ನಮ್ಮದರಲ್ಲಿ ಪಿ.ಸಿ.ಎಂ., ೨ ವಾಹಿನಿ ಎಂದು ಇತ್ತು. ಮೊದಲನೆಯ ರಿಪೇರಿಯವನ ಕೈಚಳಕವೂ ಆಗ ಬೈಲಾಯಿತು. ಅವನು ಒತ್ತಿದ್ದುದು ಬಂದ ಎರಡು ವಾಹಿನಿಗಳನ್ನೇ ಎಲ್ಲಾ ಸ್ಪೀಕರುಗಳಿಗೆ ಹಂಚುವ ಗುಂಡಿ. ಮದುವೆಯ ಮನೆಯಲ್ಲಿ ಹಾಡು ಎಲ್ಲೆಡೆಗೂ ಕೇಳಬೇಕಾದಾಗ ಅದು ಒಳ್ಳೆಯದು. ಆದರೆ ಚಿತ್ರದಲ್ಲಿ ಅದು ಸುತ್ತುಧ್ವನಿಯ ವೇಷವೇ ಹೊರತು ಸುತ್ತುಧ್ವನಿಯಲ್ಲ. ಎಲ್ಲಾ ಸ್ಪೀಕರುಗಳೂ ನುಡಿಯುವುದು ಸಾಲದು. ಒಂದೊಂದು ತನ್ನ ಮಾತನ್ನೇ ನುಡಿಯಬೇಕು. ಆ ಹುಡುಗಿಯ ಕಿವಿಯು ಫಲಕವನ್ನು ನೋಡದೆಯೇ ಇದನ್ನು ಹೇಳಿದ್ದಿತು.

ಹೀಗಿರಲು, ದೋಷವು ರಿಸೀವರಿನಿಂದ ಈಚೆಗಿದೆಯೆಂದು ನಿಶ್ಚಯವಾಯಿತು. ಕಪಾಟಿನ ಹಿಂಬದಿಗೆ ಹೋಗಿ ತಂತಿಗಳನ್ನು ಬೆರಳಿನಿಂದ ಹಿಂಬಾಲಿಸಿದೆನು. ಬೇಸಿಗೆಯಲ್ಲಿ ಸಭಾಂಗಣಕ್ಕೆ ಬಣ್ಣ ಹೊಡೆಸಿದಾಗ ಎಲ್ಲವನ್ನೂ ಕಳಚಿ ಇಟ್ಟಿದ್ದರು. ತಿರುಗಿ ಜೋಡಿಸಿದವರು ಕಂಪ್ಯೂಟರಿನ ಎಚ್.ಡಿ.ಎಂ.ಐ. ತಂತಿಯನ್ನು ನೆಟ್ಟಗೆ ಟೀವಿಗೆ ಸಿಕ್ಕಿಸಿ, ಟೀವಿಯಿಂದ ರಿಸೀವರಿಗೆ ಒಂದು ಆಪ್ಟಿಕಲ್ ತಂತಿಯನ್ನು ಎಳೆದಿದ್ದರು. ಚಿತ್ರ ಬಂದಿತು, ಧ್ವನಿಯೂ ಬಂದಿತು; ಅವರ ಪಾಲಿಗೆ ಕೆಲಸವು ಮುಗಿಯಿತು. ಹತ್ತನೆಯ ತರಗತಿಯ ಹುಡುಗಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಈ ಜೋಡಣೆಯಲ್ಲಿ ತಪ್ಪೇನೆಂದು ಕೇಳುವಿರಿ. ಎಚ್.ಡಿ.ಎಂ.ಐ. ತಂತಿಯನ್ನು ಸಿಕ್ಕಿಸಿದ ಕೂಡಲೆ ಎರಡು ಯಂತ್ರಗಳ ನಡುವೆ ಒಂದು ಸಂಭಾಷಣೆ ನಡೆಯುವುದು. ಆಚೆಯ ಯಂತ್ರವು ತಾನು ಯಾವ ಅಳತೆಯ ಚಿತ್ರವನ್ನು ತೋರಿಸಬಲ್ಲೆನು, ಎಷ್ಟು ವಾಹಿನಿಗಳ ಧ್ವನಿಯನ್ನು ನುಡಿಸಬಲ್ಲೆನು ಎಂಬ ವಿವರದ ಚೀಟಿಯನ್ನು ಕಂಪ್ಯೂಟರಿಗೆ ಕೊಡುವುದು. ಈ ಚೀಟಿಗೆ ಇ.ಡಿ.ಐ.ಡಿ. ಎಂದು ಹೆಸರು. ಕಂಪ್ಯೂಟರು ವಿಧೇಯ ಸೇವಕನಂತೆ ಚೀಟಿಯಲ್ಲಿದ್ದಷ್ಟನ್ನೇ ಬಡಿಸುವುದು. ಟೀವಿಯ ಹೊಟ್ಟೆಯಲ್ಲಿರುವುದು ಎರಡೇ ಸ್ಪೀಕರು. ಆದುದರಿಂದ ಅದು ಎರಡು ವಾಹಿನಿ ಸಾಕೆಂದು ಪ್ರಾಮಾಣಿಕವಾಗಿಯೇ ಬರೆದು ಕೊಡುವುದು. ಅದರಾಚೆ ಐದು ಸ್ಪೀಕರುಗಳುಳ್ಳ ರಿಸೀವರೊಂದು ಕೂತಿದೆಯೆಂಬ ವರ್ತಮಾನವು ಕಂಪ್ಯೂಟರಿಗೆ ಮುಟ್ಟುವುದೇ ಇಲ್ಲ. ಹೀಗೆ ಆರು ಮಂದಿಗೆ ಆಗುವಷ್ಟು ಅಡಿಗೆಯಿದ್ದರೂ ಇಬ್ಬರಿಗೇ ಎಲೆ ಹಾಕಿದಂತಾಯಿತು. ಕಂಪ್ಯೂಟರು, ಟೀವಿ, ರಿಸೀವರು, ಮೂರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದವು. ದೋಷವಿದ್ದುದು ಅವುಗಳು ಕೂತ ಕ್ರಮದಲ್ಲಿ.

ಪರಿಹಾರವು ಸುಲಭ. ಕಂಪ್ಯೂಟರಿನಿಂದ ತಂತಿಯು ಮೊದಲು ರಿಸೀವರಿಗೆ ಬರಲಿ. ರಿಸೀವರಿನಿಂದ ಇನ್ನೊಂದು ಟೀವಿಗೆ ಹೋಗಲಿ. ಆಗ ಚೀಟಿ ಕೊಡುವುದು ರಿಸೀವರು. ಸಂಭಾಷಣೆಯು ಎಚ್ಚರದಲ್ಲಿರುವವರ ನಡುವೆ ಮಾತ್ರ ನಡೆಯುವುದರಿಂದ, ಮೊದಲು ಟೀವಿ, ಆಮೇಲೆ ರಿಸೀವರು, ಕಟ್ಟಕಡೆಗೆ ಕಂಪ್ಯೂಟರು ಎಂಬ ಕ್ರಮದಲ್ಲಿ ಸ್ವಿಚ್ಚು ಹಾಕುವುದು ಕ್ಷೇಮ. ಕಂಪ್ಯೂಟರು ಎದ್ದಾಗ ರಿಸೀವರು ನಿದ್ರಿಸುತ್ತಿದ್ದರೆ ಕೆಲವೊಮ್ಮೆ ಟೀವಿಯ ಚೀಟಿಯೇ ಕೈಗೆ ಬರುವುದುಂಟು.

ತಂತಿಯನ್ನು ಬದಲಾಯಿಸಿ ಚಿತ್ರವನ್ನು ಹಾಕಿದೆನು. ಫಲಕದ ಮೇಲೆ ಪುನಃ ೨ ವಾಹಿನಿ! ನನ್ನ ಉತ್ಸಾಹವು ಇಳಿಯಿತೆಂದು ಒಪ್ಪಿಕೊಳ್ಳುತ್ತೇನೆ. ಒಂದು ದೋಷವನ್ನು ಕಂಡುಹಿಡಿದಾಗ ಅದೊಂದೇ ದೋಷವೆಂದು ನಂಬುವುದು ಮನುಷ್ಯಸ್ವಭಾವ. ಇಲ್ಲಿ ಎರಡನೆಯದು ಕಂಪ್ಯೂಟರಿನೊಳಗೇ ಇದ್ದಿತು. ಹೊಸ ಚೀಟಿ ಬಂದರೂ ಅದಕ್ಕೆ ತಕ್ಕ ಏರ್ಪಾಡನ್ನು ನಾವೇ ಆರಿಸಬೇಕಾಗಿತ್ತು. ನಮ್ಮ ಕಂಪ್ಯೂಟರಿನಲ್ಲಿರುವುದು ವಿಂಡೋಸ್. ಅದರಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿ, ಎಂ.ಎಂ.ಎಸ್.ವೈ.ಎಸ್. ಎಂಬ ಐದಕ್ಷರಗಳನ್ನು ಬಿಡುವಿಲ್ಲದೆ ಬರೆದು, ಒಂದು ಚುಕ್ಕೆಯನ್ನಿಟ್ಟು, ಸಿ.ಪಿ.ಎಲ್. ಎಂಬ ಮೂರಕ್ಷರಗಳನ್ನು ಸೇರಿಸಿದರೆ ಧ್ವನಿಯ ಹಳೆಯ ಕಿಟಕಿಯು ತೆರೆಯುವುದು. ಅಲ್ಲಿ ಪ್ಲೇಬ್ಯಾಕ್ ಎಂಬ ಹಾಳೆಯಲ್ಲಿ ಧ್ವನಿ ಹೊರಡುವ ಬಾಗಿಲುಗಳೆಲ್ಲವೂ ಸಾಲಾಗಿ ಕಾಣುವುವು. ರಿಸೀವರಿನ ಹೆಸರುಳ್ಳದ್ದನ್ನು ಆರಿಸಿ ಅದನ್ನೇ ಮುಖ್ಯವನ್ನಾಗಿ ಮಾಡತಕ್ಕದ್ದು. ಅನಂತರ ಕಾನ್ಫಿಗರ್ ಎಂಬುದನ್ನು ಒತ್ತಿ, ಸ್ಟೀರಿಯೋ ಎಂದಿರುವುದನ್ನು ೫.೧ ಸರೌಂಡ್ ಎಂದು ಬದಲಾಯಿಸತಕ್ಕದ್ದು. ಅಲ್ಲಿ ಕೋಣೆಯ ಚಿತ್ರವೊಂದು ಕಾಣುವುದು. ಒಂದೊಂದು ಸ್ಪೀಕರಿನ ಮೇಲೆ ಒತ್ತಿದರೆ ಆಯಾ ಸ್ಪೀಕರಿನಿಂದಲೇ ಶಬ್ದ ಬರಬೇಕು. ಆಪ್ಟಿಕಲ್ ಬಾಗಿಲನ್ನು ಆರಿಸಿದರೆ ಮಾತ್ರ ಈ ಕಾನ್ಫಿಗರ್ ಗುಂಡಿಯು ಮಸುಕಾಗಿರುವುದು. ಅದರ ಕಾರಣವು ನಿಮಗೆ ಈಗ ತಿಳಿದೇ ಇದೆ.

ಈ ಪರೀಕ್ಷೆಯಲ್ಲಿ ಮೂರನೆಯ ದೋಷವೂ ಸಿಕ್ಕಿತು. ಹಿಂದಣ ಎಡವನ್ನು ಒತ್ತಿದರೆ ಹಿಂದಣ ಬಲವು ನುಡಿಯಿತು. ರಿಸೀವರಿನ ಸ್ವಂತ ಪರೀಕ್ಷೆಯ ವೇಳೆಯಲ್ಲಿ ನಾನು ಎಲ್ಲವೂ ನುಡಿಯಿತೆಂಬಷ್ಟನ್ನೇ ನೋಡಿ, ಯಾವುದು ಯಾವಾಗ ನುಡಿಯಿತೆಂಬದನ್ನು ನೋಡಿರಲಿಲ್ಲ. ಬಣ್ಣದವರು ತಂತಿಗಳನ್ನು ಅದಲುಬದಲು ಮಾಡಿದ್ದರು. ಅಂತೆಯೇ ಮುಂದಣ ಬಲ ಸ್ಪೀಕರಿನ ಕೆಂಪು ಕಪ್ಪು ತುದಿಗಳೂ ತಿರುಗುಮುರುಗಾಗಿದ್ದವು. ಹೀಗಾದಾಗ ಧ್ವನಿಯು ನಿಂತುಹೋಗುವುದಿಲ್ಲ. ಒಂದು ಸ್ಪೀಕರಿನ ಪರೆಯು ಮುಂದಕ್ಕೆ ನೂಕುವಾಗ ಇನ್ನೊಂದರದು ಹಿಂದಕ್ಕೆ ಎಳೆದು, ಮಂದ್ರಸ್ವರಗಳು ಪರಸ್ಪರ ಅಳಿಸಿಕೊಂಡು ಸಂಗೀತವು ತೆಳ್ಳಗಾಗುವುದು. ಕಾರಣ ತಿಳಿಯದೆ ಸ್ಪೀಕರನ್ನೇ ಹಳಿಯುವರು.

ಆ ಮೇಲೆ ನಾನು ಇಬ್ಬರು ಹುಡುಗಿಯರನ್ನೂ ಕರೆಸಿದೆನು. ದೊಡ್ಡವಳಿಗೆ ನನ್ನ ತಪ್ಪನ್ನು ಹೇಳಿ ಬೀಗದ ಕೈಯನ್ನು ಹಿಂದಕ್ಕೆ ಕೊಟ್ಟೆನು. ಅವಳು ಏನೂ ಮಾತಾಡದೆ ಕಂಪ್ಯೂಟರಿನ ಮುಂದೆ ಕೂತಳು. ಚಿಕ್ಕವಳನ್ನು ಸಭಾಂಗಣದಲ್ಲಿ ಸಾಲಿನಿಂದ ಸಾಲಿಗೆ ಕೂರಿಸುತ್ತಾ ಧ್ವನಿ ಎಲ್ಲಿಂದ ಬರುತ್ತದೆಂದು ಕೈ ತೋರಿಸಹೇಳಿದೆನು. ನಡುಸಾಲಿನಲ್ಲಿ ಎಲ್ಲವೂ ಸರಿಯಾಯಿತು. ಹಿಂದಿನ ಸಾಲಿನಲ್ಲಿ ಕೂತಾಗ ಮಾತ್ರ, ಪರದೆಯ ಮೇಲಿನ ಮೆರವಣಿಗೆಯು ತನ್ನ ಬೆನ್ನ ಹಿಂದೆ ನಡೆಯುತ್ತಿದೆಯೆಂದಳು.

ಇದಕ್ಕೆ ಯಂತ್ರವು ಕಾರಣವಲ್ಲ, ಗಾಳಿಯೂ ನಮ್ಮ ಕಿವಿಯೂ ಕಾರಣ. ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರು ಓಡುವುದು. ಅಂದರೆ ಒಂದು ಮೀಟರಿಗೆ ಸುಮಾರು ೩ ಮಿಲಿಸೆಕೆಂಡು. ಹಿಂದಿನ ಸಾಲಿಗೆ ಮುಂದಣ ಸ್ಪೀಕರುಗಳು ೧೫ ಮೀಟರು ದೂರ, ಹಿಂದಣವು ೩ ಮೀಟರು. ಆದುದರಿಂದ ಎರಡು ಕಡೆಗಳಲ್ಲಿಯೂ ಒಂದೇ ಸಂಗೀತವು ಇದ್ದರೆ ಹಿಂದಿನದು ೩೫ ಮಿಲಿಸೆಕೆಂಡು ಮುಂಚೆಯೇ ಮುಟ್ಟುವುದು. ಕಿವಿಯಾದರೋ ಮೊದಲು ಬಂದ ಶಬ್ದದ ದಿಕ್ಕನ್ನೇ ದಿಕ್ಕೆಂದು ಹಿಡಿದು, ತುಸು ಹಿಂದೆ ಬಂದುದನ್ನು ಅದರಲ್ಲಿಯೇ ಬೆರಸಿಬಿಡುವುದು. ಜರ್ಮನಿಯ ಹೆಲ್ಮುಟ್ ಹಾಸ್ ಎಂಬವನು ೧೯೪೯ರಲ್ಲಿ ಇದನ್ನು ಪ್ರಯೋಗದಿಂದ ವಿವರಿಸಿದುದರಿಂದ ಇದಕ್ಕೆ ಅವನ ಹೆಸರೇ ನಿಂತಿದೆ. ರಿಸೀವರಿನಲ್ಲಿ ಒಂದೊಂದು ಸ್ಪೀಕರಿನ ದೂರವನ್ನು ಬರೆಯುವುದಕ್ಕೆ ಸ್ಥಳವಿರುವುದು ಇದಕ್ಕಾಗಿಯೇ. ಹತ್ತಿರದ ಸ್ಪೀಕರನ್ನು ಅದು ತಕ್ಕಷ್ಟು ತಡೆದು ನುಡಿಸುವುದು. ಆದರೆ ಒಂದು ಲೆಕ್ಕವು ಒಂದು ಆಸನಕ್ಕೇ ಪೂರ್ತಿಯಾಗಿ ಒಪ್ಪುವುದು. ನಾವು ನಡುಸಾಲನ್ನು ಅಳೆದು ಬರೆದು, ಹಿಂದಣ ಸ್ಪೀಕರುಗಳ ಜೋರನ್ನು ತುಸು ಇಳಿಸಿ, ಹಿಂದಿನ ಎರಡು ಸಾಲು ಬೆಂಚುಗಳನ್ನು ಮುಂದಕ್ಕೆ ಎಳೆಸಿದೆವು. ಮನೆಯಲ್ಲಿ ಇಷ್ಟು ತೊಡಕಿಲ್ಲ. ಅಲ್ಲಿ ನೆನಪಿಡತಕ್ಕದ್ದೇನೆಂದರೆ, ಹಿಂದಣ ಸ್ಪೀಕರುಗಳೆಂಬ ಹೆಸರನ್ನು ಕೇಳಿ ಅವುಗಳನ್ನು ಹಿಂದಿನ ಗೋಡೆಯ ಮೂಲೆಗಳಿಗೆ ತಳ್ಳಬಾರದು. ಕೇಳುವವನ ನೇರ ಮುಂದಿನಿಂದ ಅಳೆದರೆ ಮುಂದಣ ಎಡಬಲಗಳಿಗೆ ೩೦ ಡಿಗ್ರಿ, ಹಿಂದಣವುಗಳಿಗೆ ೧೦೦ರಿಂದ ೧೨೦ ಡಿಗ್ರಿ ಎಂಬುದು ಅಂತರಾಷ್ಟ್ರೀಯ ಶಿಫಾರಸು. ಎಂದರೆ ಕಿವಿಗಳ ಪಕ್ಕದಿಂದ ತುಸುವೇ ಹಿಂದೆ.

ನಮ್ಮ ಕಥೆ ಇಷ್ಟು. ನಿಮ್ಮ ಮನೆಗಳಿಂದ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೂ ಇಲ್ಲಿಯೇ ಉತ್ತರ ಹೇಳುತ್ತೇನೆ.

ಒಬ್ಬ ಹಳೆಯ ವಿದ್ಯಾರ್ಥಿನಿಯು, ಚಿತ್ರದಲ್ಲಿ ಹಾಡೂ ಮಳೆಯೂ ಕೇಳುತ್ತವೆ, ಮಾತು ಮಾತ್ರ ಕೇಳುವುದಿಲ್ಲವೆಂದು ಬರೆದಿದ್ದಳು. ಅವಳ ಕಂಪ್ಯೂಟರಿಗಿದ್ದುದು ಎರಡೇ ಸ್ಪೀಕರು. ಆದರೆ ಕಂಪ್ಯೂಟರನ್ನು ೫.೧ ಎಂದು ಇಟ್ಟಿದ್ದರು. ಅದು ಮಾತುಗಳನ್ನು ನಡುವಣ ವಾಹಿನಿಗೆ ಕಳುಹಿಸುತ್ತಲೇ ಇತ್ತು; ಆ ವಾಹಿನಿಯ ಕೊನೆಯಲ್ಲಿ ಕೇಳಿಸುವುದಕ್ಕೆ ಏನೂ ಇರಲಿಲ್ಲ. ಸ್ಟೀರಿಯೋ ಎಂದು ಬದಲಾಯಿಸಲು, ಕಂಪ್ಯೂಟರು ಆರನ್ನೂ ಎರಡರಲ್ಲಿ ಬೆರಸಿತು, ಮಾತು ತಿರುಗಿ ಬಂದಿತು. ಇದು ನಮ್ಮ ದೋಷದ ಸರಿ ವಿರುದ್ಧವಾದ ದೋಷ, ಮತ್ತು ನನ್ನ ಅಭಿಪ್ರಾಯದಲ್ಲಿ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಧಿಸುವಂಥಾದ್ದು.

ಇನ್ನೊಬ್ಬ ಪೋಷಕರ ಮನೆಯಲ್ಲಿ ಮಾತು ಸಬ್‌ವೂಫರಿನಿಂದ ಗೊಗ್ಗರಾಗಿ ಬರುತ್ತಿದ್ದಿತು. ಅವರದು ಸಪುರ ಪಿನ್ನುಗಳ ಹಳೆಯ ಜೋಡಣೆ. ಅದರಲ್ಲಿ ಸಾಮಾನ್ಯವಾಗಿ ಹಸುರು ಕಂಡಿಯು ಮುಂದಣ ಎಡಬಲಗಳಿಗೆ, ಕಪ್ಪು ಹಿಂದಣವುಗಳಿಗೆ, ಕಿತ್ತಳೆ ಬಣ್ಣದ್ದು ನಡುವಣ ಹಾಗೂ ಮಂದ್ರ ಇವೆರಡಕ್ಕೆ. ಕಿತ್ತಳೆಯ ಒಂದೇ ಪಿನ್ನಿನಲ್ಲಿ ಈ ಇಬ್ಬರೂ ಜೊತೆಯಾಗಿರುವುದರಿಂದ, ಕೆಲವು ಸ್ಪೀಕರುಗಳ ತಯಾರಕರು ಎಡಬದಿಗೆ ಒಬ್ಬನನ್ನೂ ಬೇರೆಯವರು ಇನ್ನೊಬ್ಬನನ್ನೂ ಇಟ್ಟಾಗ ಜಾಗವು ಅದಲುಬದಲಾಗುವುದು. ಕಂಪ್ಯೂಟರಿನ ಧ್ವನಿಕಾರ್ಡಿನ ಏರ್ಪಾಡುಗಳಲ್ಲಿ ಈ ಎರಡನ್ನು ಅದಲುಬದಲಿಸುವ ಗುರುತಿದ್ದರೆ ಒತ್ತಿದರಾಯಿತು.

ಕಂಪ್ಯೂಟರೇ ಇಲ್ಲದೆ, ಟೀವಿಯೊಳಗಿನ ಚಿತ್ರಗಳನ್ನು ಸೌಂಡ್‌ಬಾರಿನಲ್ಲಿ ಕೇಳುವವರು ಟೀವಿಯ ಏರ್ಪಾಡುಗಳಲ್ಲಿ ಡಿಜಿಟಲ್ ಧ್ವನಿಯು ಪಿ.ಸಿ.ಎಂ. ಎಂದಿದ್ದರೆ ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ ಎಂದು ಬದಲಾಯಿಸಬೇಕು, ತಂತಿಯನ್ನು ಎ.ಆರ್.ಸಿ. ಎಂದು ಬರೆದಿರುವ ಕಂಡಿಗೇ ಸಿಕ್ಕಿಸಿರಬೇಕು. ಬಹುತೇಕ ಅಷ್ಟೇ.

ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳ ಗಂಡನು ತನ್ನ ಕಂಪ್ಯೂಟರಿನಲ್ಲಿ ಲಿನಕ್ಸನ್ನೂ ಕೋಡಿ ಎಂಬ ಚಿತ್ರಪ್ರದರ್ಶಕವನ್ನೂ ಇಟ್ಟುಕೊಂಡು, ಆಪ್ಟಿಕಲ್ ತಂತಿಯಿಂದ ಒಂದು ಚೂರು ಶಬ್ದವೂ ಬಾರದೆಂದು ಬಳಲಿದ್ದನು. ಆಲ್ಸಾಮಿಕ್ಸರ್ ಎಂಬ ಫಲಕವನ್ನು ತೆರೆದಾಗ ಎಸ್‌.ಪಿ.ಡಿ.ಐ.ಎಫ್. ಎಂಬ ಕಂಬದ ಕೆಳಗೆ ಎರಡು ಎಂ ಅಕ್ಷರಗಳು ಕಂಡವಂತೆ. ಅದು ಮೌನದ ಗುರುತು. ಎಂ ಕೀಲಿಯನ್ನು ಒಂದು ಸಾರಿ ಒತ್ತಲು ಧ್ವನಿ ಬಂದಿತು. ಆದರೂ ಕೆಲವು ಚಿತ್ರಗಳು ಎರಡೇ ವಾಹಿನಿಗಳಲ್ಲಿ ಬರುತ್ತಿದ್ದವು. ಆ ಚಿತ್ರಗಳ ಧ್ವನಿಯು ಎ.ಎ.ಸಿ. ಎಂಬ ಬೇರೆ ಲಕೋಟೆಯಲ್ಲಿ ಇದ್ದಿತು. ಅವನ ರಿಸೀವರಿಗೆ ಅದನ್ನು ಒಡೆಯಲು ಬಾರದು. ಕೋಡಿಯಲ್ಲಿ ವಾಹಿನಿಗಳ ಸಂಖ್ಯೆಯನ್ನು ೨.೦ ಎಂದಿಟ್ಟು, ಪಾಸ್‌ಥ್ರೂವನ್ನು ತೆರೆದು, ಡಾಲ್ಬಿಗೆ ಮಾರ್ಪಡಿಸುವ ಗುರುತನ್ನು ಹಾಕಿದ ಮೇಲೆ ಅವೂ ಸರಿಯಾದವು. ೫.೧ ಬೇಕಾದವರು ೨.೦ ಎಂದು ಇಡಬೇಕೆಂಬುದು ವಿಪರೀತವಾಗಿ ಕಾಣುವುದು; ಆದರೆ ಆ ಸಂಖ್ಯೆಯು ಬಿಡಿಸಿದ ಕಾಗದಗಳ ಲೆಕ್ಕವಷ್ಟೆ, ಲಕೋಟೆಯೊಳಗಿನವುಗಳದಲ್ಲ.

ಇದೆಲ್ಲವನ್ನೂ ಮಾಡಿದ ಮೇಲೂ ಹಿಂದುಗಡೆ ಮೌನವಿದ್ದರೆ, ಚಿತ್ರದಲ್ಲಿಯೇ ಆರು ವಾಹಿನಿಗಳಿವೆಯೋ ಎಂದು ನೋಡಿರಿ. ನಮ್ಮ ಹಳೆಯ ಕಪ್ಪುಬಿಳುಪು ಕನ್ನಡ ಚಿತ್ರಗಳು ಒಂದೇ ವಾಹಿನಿಯಲ್ಲಿ ಮುದ್ರಿತವಾದವು. ಅವುಗಳಿಂದ ಹಿಂದಿನ ಮಳೆಯನ್ನು ಅಪೇಕ್ಷಿಸುವುದು ನ್ಯಾಯವಲ್ಲ. ಹೊಸ ಡಿಸ್ಕುಗಳಲ್ಲಿ ಕೆಲವೊಮ್ಮೆ ಎರಡು ಮೂರು ಧ್ವನಿಗಳು ಇದ್ದು ಮೊದಲನೆಯದು ಸ್ಟೀರಿಯೋ ಆಗಿರುವುದು. ಆಡಿಯೋ ಎಂಬ ಗುಂಡಿಯಿಂದ ಬೇಕಾದುದನ್ನು ಆರಿಸಿಕೊಳ್ಳಬಹುದು. ಪರೀಕ್ಷೆಗೆಂದು ೫.೧ ಇದೆಯೆಂದು ಖಂಡಿತವಾಗಿ ತಿಳಿದಿರುವ ಒಂದೇ ಡಿಸ್ಕನ್ನು ಯಾವಾಗಲೂ ಉಪಯೋಗಿಸುವುದು ಒಳ್ಳೆಯದು. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ, ಫಲಕವನ್ನು ನೋಡಿ, ಬರೆದಿಟ್ಟುಕೊಂಡು, ಆಮೇಲೆ ಮುಂದಿನದಕ್ಕೆ ಹೋಗಬೇಕು.

ನಮ್ಮ ಕಪಾಟಿನ ಬಾಗಿಲಿನ ಒಳಬದಿಯಲ್ಲಿ ಈಗ ಹತ್ತನೆಯ ತರಗತಿಯ ಹುಡುಗಿಯು ಬರೆದ ತಂತಿಗಳ ನಕ್ಷೆಯೊಂದು ಅಂಟಿಸಲ್ಪಟ್ಟಿದೆ. ಪ್ರತಿಯೊಂದು ತಂತಿಯ ಎರಡು ತುದಿಗಳಿಗೂ ಚೀಟಿ ಕಟ್ಟಿದ್ದಾಳೆ. ಹೊಸ ರಿಸೀವರಿನ ವಿಚಾರವನ್ನು ಸಮಿತಿಯವರು ಬಿಟ್ಟರು. ವಾಚನಾಲಯದ ಕಪಾಟುಗಳು ಬಂದಿವೆ. ಶನಿವಾರಗಳಲ್ಲಿ ಚಿತ್ರ ಮೊದಲಾಗುವ ಮುಂಚೆ ದೊಡ್ಡವಳು ಒಂದೊಂದು ಸ್ಪೀಕರನ್ನು ನುಡಿಸುತ್ತಾಳೆ, ನಡುಸಾಲಿನಲ್ಲಿ ಕೂತ ಚಿಕ್ಕವಳು ಎಡ, ನಡು, ಬಲ ಎಂದು ಕೂಗಿ ಹೇಳುತ್ತಾಳೆ. ಐದೂ ಸರಿಯಾದ ಮೇಲೆ ದೀಪವನ್ನು ಆರಿಸುತ್ತೇವೆ.